ಉಕ್ಕಿನ ಊರಿಗೆ ತಡವಾಗಿ ಬಂದ ಮಾತು: ಆಂಗ್ಲ ಜನಪ್ರಿಯ ಗೀತೆಗಳ ಪುನರ್ವಿಮರ್ಶೆ

೧

ಗೇಯಕೃತಿಗೆ ಮಾತು ಮತ್ತು ಧಾತು ಎಂದು ಎರಡು ಅಂಗಗಳುಂಟೆಂದು ಸಂಗೀತಶಾಸ್ತ್ರ ಹೇಳುತ್ತದೆ. ಮಾತೆಂದರೆ ಸಾಹಿತ್ಯ, ಧಾತುವೆಂದರೆ ಆ ಸಾಹಿತ್ಯವನ್ನು ಹೊತ್ತು ನಡೆಯುವ ನಾದ. ಎರಡನ್ನೂ ರಚಿಸಬಲ್ಲವನನ್ನು ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ವಾಗ್ಗೇಯಕಾರನೆಂದು ಕರೆದನು. ಹಾಡು ತಾನು ಹುಟ್ಟಿದ ನಾಡಿನಲ್ಲಿಯೇ ಇರುವಾಗ ಈ ಎರಡು ಅಂಗಗಳೂ ಕೇಳುಗನನ್ನು ಬಹುಮಟ್ಟಿಗೆ ಒಟ್ಟಿಗೆ ಮುಟ್ಟುತ್ತವೆ. ಅದು ಕಡಲು ದಾಟಿ ಬೇರೊಂದು ಭಾಷೆಯ ಊರಿಗೆ ಬಂದಾಗ ಧಾತು ಮೊದಲು ಬಂದು ಇಳಿಯುತ್ತದೆ. ಮಾತು ಎಷ್ಟೋ ವರ್ಷ ಹಿಂದೆಯೇ ಉಳಿಯುತ್ತದೆ.

೧೯೮೦ರಿಂದ ೨೦೦೦ದವರೆಗಿನ ಎರಡು ದಶಕಗಳಲ್ಲಿ ಬ್ರಿಟನ್ನಿನಿಂದ ಹೊರಟ ಪಾಪ್ ಮತ್ತು ರಾಕ್ ಗೀತೆಗಳಿಗೆ ಆಂಧ್ರದ ವಿಶಾಖಪಟ್ಟಣ, ವಿಜಯವಾಡಗಳಂಥ ನಗರಗಳಲ್ಲಿ ಇದೇ ಗತಿಯಾಯಿತು. ಅಂದಿನ ಕೇಳುಗರು ಈಗ ಐವತ್ತು ವರ್ಷ ದಾಟಿದವರು. ೨೦೨೫ರ ಜುಲೈ ೪ರಂದು ಒಯಾಸಿಸ್ ತಂಡ, ಹದಿನಾರು ವರ್ಷಗಳ ವಿಚ್ಛೇದದ ನಂತರ, ವೇಲ್ಸಿನ ಕಾರ್ಡಿಫ್ ನಗರದಲ್ಲಿ ಮತ್ತೆ ಒಂದಾಗಿ ಹಾಡಿತು. ಅದರ ಹಿಂದಿನ ತಿಂಗಳಲ್ಲಿ ಷೆಫೀಲ್ಡಿನ ಪಲ್ಪ್ ತಂಡ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಹೊಸ ಗೀತಸಂಪುಟವೊಂದನ್ನು ಹೊರತಂದಿತು. ಈ ಪುನರಾಗಮನಗಳಿಂದ ಹಳೆಯ ಗೀತೆಗಳಿಗೆ ಮತ್ತೊಮ್ಮೆ ಕಿವಿಗೊಡುವ ಸಂದರ್ಭ ಒದಗಿದೆ.

ಈ ಸಂಗೀತದ ವಿಷಯದಲ್ಲಿ ವಿದ್ಯಾವಂತ ಕನ್ನಡಿಗರಲ್ಲಿ ಎರಡು ಅಭಿಪ್ರಾಯಗಳು ರೂಢವಾಗಿವೆ. ಅದು ಬರಿಯ ಗದ್ದಲ, ಸಂಸ್ಕಾರವಂತರ ಕಿವಿಗೆ ತಕ್ಕುದಲ್ಲ ಎಂಬುದು ಮೊದಲನೆಯದು. ಅದು ತಾರುಣ್ಯದ ಸವಿನೆನಪು, ಅದನ್ನು ವಿಮರ್ಶಿಸುವುದೇ ಅರಸಿಕತೆ ಎಂಬುದು ಎರಡನೆಯದು. ಪರಸ್ಪರ ವಿರೋಧಿಗಳಾಗಿ ಕಾಣುವ ಈ ಎರಡು ಅಭಿಪ್ರಾಯಗಳೂ ಒಂದೇ ನೆಲೆಯಲ್ಲಿ ನಿಂತಿವೆ. ಎರಡೂ ಧಾತುವನ್ನು ಮಾತ್ರ ಕೇಳಿಸಿಕೊಂಡವು. ಮಾತನ್ನೂ ಕೂಡಿಸಿ ಕೇಳಿದಾಗ ಈ ಗೀತೆಗಳ ಮುಖ್ಯವಾದ ಒಂದು ಭಾಗ, ಕೆಲಸವನ್ನು ಕಳೆದುಕೊಳ್ಳುತ್ತಿದ್ದ ಊರುಗಳ ಹಾಡಾಗಿ ತೋರುತ್ತದೆ. ಅವನ್ನು ಮೊದಲು ಕೇಳಿದ ವಿಶಾಖಪಟ್ಟಣವೋ ಅದೇ ಕಾಲದಲ್ಲಿ ಉಕ್ಕಿನ ಕುಲುಮೆಯನ್ನು ಕಟ್ಟುತ್ತಿತ್ತು. ಈ ವೈದೃಶ್ಯವೇ ಪುನರ್ವಿಮರ್ಶೆಗೆ ಕಾರಣ.

೨

ಈ ಹಾಡುಗಳು ಎರಡು ನಗರಗಳಿಗೂ ಬಂದ ಬಗೆಯನ್ನು ಮೊದಲು ನೋಡಬೇಕು. ವಿಶಾಖಪಟ್ಟಣ ಬಂದರಿನ ಊರು. ೧೯೩೩ರಲ್ಲಿ ಬಂದರು ತೆರೆಯಿತು. ಪೂರ್ವ ನೌಕಾದಳದ ಕೇಂದ್ರ ಅಲ್ಲಿಯೇ ನೆಲಸಿತು. ವಾಲ್ಟೇರಿನ ರೈಲ್ವೆ ವಸತಿಗಳಲ್ಲಿ ಆಂಗ್ಲೋ-ಇಂಡಿಯನ್ ಮನೆತನಗಳಿದ್ದವು. ೧೯೨೬ರಲ್ಲಿ ಸ್ಥಾಪಿತವಾದ ಆಂಧ್ರ ವಿಶ್ವವಿದ್ಯಾನಿಲಯ ನಾನಾ ಕಡೆಯ ವಿದ್ಯಾರ್ಥಿಗಳನ್ನು ಕರೆತಂದಿತು. ಇಂಥ ಊರಿನಲ್ಲಿ ಆಂಗ್ಲ ಗೀತೆಗೆ ಆಗಲೇ ನೆಲೆಯಿತ್ತು. ರೇಡಿಯೋ ಸಿಲೋನಿನ ಆಂಗ್ಲ ಪ್ರಸಾರ, ಬಿ.ಬಿ.ಸಿ.ಯ ಕಿರುತರಂಗದ ಜಾಗತಿಕ ಪ್ರಸಾರ, ೧೯೮೦ರ ದಶಕದಲ್ಲಿ ಹಬ್ಬಿದ ಧ್ವನಿಸುರುಳಿ, ೧೯೯೧ರಲ್ಲಿ ಉಪಗ್ರಹದ ಮೂಲಕ ಇಳಿದ ಸ್ಟಾರ್ ಸಂಸ್ಥೆಯ ವಾಹಿನಿಗಳೊಡನೆ ಬಂದ ಎಂ.ಟಿ.ವಿ., ಇವು ಅದರ ದಾರಿಗಳು. ಕಿರುತರಂಗದ ಏರಿಳಿತದಲ್ಲಿ, ಪ್ರತಿಯ ಪ್ರತಿಯಾಗಿ ಸವೆದ ಸುರುಳಿಯಲ್ಲಿ ಮೊದಲು ಅಳಿಸಿಹೋಗುವುದು ವ್ಯಂಜನಗಳು. ಉಳಿಯುವುದು ಸ್ವರ ಮತ್ತು ಲಯ. ಅದರ ಮೇಲೆ ಗಾಯಕರ ಉಚ್ಚಾರ ಪಠ್ಯಪುಸ್ತಕದ ಇಂಗ್ಲಿಷಿನದಲ್ಲ. ಮ್ಯಾಂಚೆಸ್ಟರು, ಬರ್ಮಿಂಗ್‌ಹ್ಯಾಮುಗಳ ಬೀದಿಯದು. ಆದುದರಿಂದ ಮಾತು ತಲಪದಿದ್ದುದು ಕೇಳುಗನ ಅಲಕ್ಷ್ಯದಿಂದ ಮಾತ್ರವೇ ಅಲ್ಲ.

ವಿಜಯವಾಡದ ಶ್ರವಣಸಂಸ್ಕಾರ ಬೇರೆ ಬಗೆಯದು. ಅಲ್ಲಿ ಆಕಾಶವಾಣಿ ಕೇಂದ್ರ ೧೯೪೮ರ ಡಿಸೆಂಬರ್ ೧ರಂದು ಆರಂಭವಾಯಿತು. ವಿಶಾಖಪಟ್ಟಣಕ್ಕೆ ಕೇಂದ್ರ ಬಂದುದು ೧೯೬೩ರಲ್ಲಿ. ಬಾಲಾಂತ್ರಪು ರಜನೀಕಾಂತರಾಯರಂಥ ವಾಗ್ಗೇಯಕಾರರು ವಿಜಯವಾಡದ ಕೇಂದ್ರದಲ್ಲಿ ತೆಲುಗಿನ ಲಲಿತಸಂಗೀತವನ್ನು ಪೋಷಿಸಿದರು; ‘ಭಕ್ತಿರಂಜನಿ’ ಬೆಳಗಿನ ಮನೆಮನೆಯ ಧ್ವನಿಯಾಯಿತು. ಮಂಗಳಂಪಲ್ಲಿ ಬಾಲಮುರಳೀಕೃಷ್ಣರು ಪ್ರಾಂಶುಪಾಲರಾಗಿದ್ದ ಸಂಗೀತ ಕಲಾಶಾಲೆ ಆ ನಗರದಲ್ಲಿಯೇ ಇದ್ದಿತು. ಈ ಪರಂಪರೆಯಲ್ಲಿ ಬೆಳೆದ ಕಿವಿಗೆ ಸಾಹಿತ್ಯವೇ ಮೊದಲು. ಮಾತು ಸ್ಪಷ್ಟವಾಗದ ಹಾಡು ಹಾಡೇ ಅಲ್ಲ. ಆಂಗ್ಲ ಗೀತೆಯನ್ನು ಗದ್ದಲವೆಂದು ಅಲ್ಲಿನ ಹಿರಿಯರು ತಳ್ಳಿಹಾಕಿದ್ದರೆ ಅದಕ್ಕೆ ಈ ಸಂಸ್ಕಾರದ ಬೆಂಬಲವಿತ್ತು.

ಆದರೂ ಆ ನಾದ ಹಿಂಬಾಗಿಲಿನಿಂದ ಅದೇ ಮನೆಗಳನ್ನು ಹೊಕ್ಕಿತು. ೧೯೮೩ರಲ್ಲಿ ಮಾರುಕಟ್ಟೆಗೆ ಬಂದ ಯಮಹಾ ಡಿ.ಎಕ್ಸ್.೭ ಮುಂತಾದ ವಿದ್ಯುದ್ವಾದ್ಯಗಳೂ ತಾಳಯಂತ್ರಗಳೂ ಆಂಗ್ಲ ತಂಡಗಳ ಕೈಗೆ ಬಂದ ಕೆಲವೇ ವರ್ಷಗಳಲ್ಲಿ ಮದರಾಸಿನ ಧ್ವನಿಮುದ್ರಣಶಾಲೆಗಳಿಗೂ ಬಂದವು. ತಮಿಳಿನಲ್ಲಿ ಇಳಯರಾಜ, ತೆಲುಗಿನಲ್ಲಿ ರಾಜ್–ಕೋಟಿ, ಕನ್ನಡದಲ್ಲಿ ೧೯೮೭ರ ‘ಪ್ರೇಮಲೋಕ’ದ ಹಂಸಲೇಖ, ತಂತಮ್ಮ ರೀತಿಯಲ್ಲಿ ಆ ನಾದವನ್ನು ಪಳಗಿಸಿದರು. ವಿಜಯವಾಡದ ಗಾಂಧೀನಗರವೋ ತೆಲುಗು ಚಿತ್ರಗಳ ಹಂಚಿಕೆದಾರರ ಕೇಂದ್ರ. ಹೀಗೆ ಆಂಗ್ಲ ಗೀತೆಯ ಧಾತು ತೆಲುಗಿನ ಮಾತನ್ನು ತೊಟ್ಟು ಬಂದಾಗ, ಮೂಲವನ್ನು ತಿರಸ್ಕರಿಸಿದವರೂ ಅದನ್ನು ಆದರಿಸಿದರು.

ಇವೆರಡು ನಗರಗಳಿಗೆ ವರ್ಗವಾಗಿ ಬಂದ ಬ್ಯಾಂಕಿನ ನೌಕರರು, ರೈಲ್ವೆ ಮತ್ತು ನೌಕಾದಳದವರು, ಉಪಾಹಾರಗೃಹಗಳನ್ನು ನಡೆಸಿದ ದಕ್ಷಿಣ ಕನ್ನಡದವರು, ಇವರ ಮನೆಗಳಲ್ಲಿ ಇನ್ನೊಂದು ಧಾರೆಯೂ ಇತ್ತು. ಕೆ.ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ೧೯೭೮ರಲ್ಲಿ ಧ್ವನಿಸುರುಳಿಯಾಗಿ ಬಂದಿತು; ಅದರ ಹಿಂದೆಯೇ ಭಾವಗೀತೆಗಳ ಸುರುಳಿಗಳು ಸಾಲಾಗಿ ಬಂದವು. ತಂದೆತಾಯಿಗಳಿಗೆ ಅವು ಊರಿನ ದಾರಿಯಾದವು. ತೆಲುಗಿನ ನೆರೆಹೊರೆಯಲ್ಲಿ ಇಂಗ್ಲಿಷಿನ ಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆ ಡೈರ್ ಸ್ಟ್ರೇಟ್ಸ್, ಯು.ಬಿ.೪೦ ಮೊದಲಾದ ತಂಡಗಳ ಸುರುಳಿಗಳು, ಯಾವ ಊರಿಗೂ ಸೇರದ ಹಾಡುಗಳೆಂಬ ಕಾರಣದಿಂದಲೇ ಪ್ರಿಯವಾದವು. ಊರಿಲ್ಲದ ಹಾಡೆಂದು ಅವರು ನಂಬಿದ್ದು ತಪ್ಪು. ಆ ಹಾಡುಗಳಿಗೆ ಬಹಳ ಖಚಿತವಾದ ಊರುಗಳಿದ್ದವು.

೩

ಉತ್ತರ ಇಂಗ್ಲೆಂಡಿನ ಷೆಫೀಲ್ಡ್ ಉಕ್ಕಿನ ಊರು. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾವ್ಯದಲ್ಲಿಯೇ ಅಲ್ಲಿನ ಚೂರಿಯ ಪ್ರಸ್ತಾಪವಿದೆ. ೧೯೧೩ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಸಿದ್ಧಪಡಿಸಿದ್ದು ಆ ಊರಿನಲ್ಲಿ. ೧೯೭೯ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದ ನಂತರ ಸರ್ಕಾರಿ ಉದ್ಯಮಗಳ ಆಧಾರ ಸಡಿಲಿತು. ೧೯೮೦ರ ಆರಂಭದಲ್ಲಿ ಉಕ್ಕಿನ ಕಾರ್ಮಿಕರು ಸುಮಾರು ಮೂರು ತಿಂಗಳು ಮುಷ್ಕರ ಹೂಡಿದರು. ೧೯೮೨ರ ಮೊದಲಲ್ಲಿ ದೇಶದ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷವನ್ನು ದಾಟಿತು. ೧೯೮೪ರ ಮಾರ್ಚಿನಿಂದ ೧೯೮೫ರ ಮಾರ್ಚಿನವರೆಗೆ ನಡೆದ ಕಲ್ಲಿದ್ದಲಿನ ಮುಷ್ಕರ ಸೋತಿತು. ೧೯೮೮ರಲ್ಲಿ ಬ್ರಿಟಿಷ್ ಸ್ಟೀಲ್ ಖಾಸಗಿಯವರ ಪಾಲಾಯಿತು. ಆ ಗೀತೆಗಳ ಹಿನ್ನೆಲೆಯ ಇತಿಹಾಸ ಇಷ್ಟು.

ಷೆಫೀಲ್ಡಿನ ಹ್ಯೂಮನ್ ಲೀಗ್ ತಂಡದ ‘ಡೋಂಟ್ ಯೂ ವಾಂಟ್ ಮೀ’ ೧೯೮೧ರ ಕೊನೆಯಲ್ಲಿ ಬ್ರಿಟನ್ನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಮೊದಲ ಸ್ಥಾನಕ್ಕೇರಿತು. ನುಡಿಸುವ ಮನುಷ್ಯರನ್ನು ಹೊರಗಿಟ್ಟಂತೆ ತೋರುವ ಯಾಂತ್ರಿಕ ನಾದ ಅದರ ವೈಶಿಷ್ಟ್ಯ. ರಾತ್ರಿಯೆಲ್ಲ ಬಡಿಯುತ್ತಿದ್ದ ಉಕ್ಕಿನ ಸುತ್ತಿಗೆಗಳ ಸದ್ದಿನಲ್ಲಿ ಬೆಳೆದುದರಿಂದಲೇ ಆ ಊರಿನ ತಂಡಗಳಿಗೆ ಯಂತ್ರದ ಲಯ ಒಗ್ಗಿತೆಂದು ಹೇಳುವುದುಂಟು. ಮಾತಿನ ಕಡೆಗೆ ನೋಡಿದರೆ ಅದು ಸಂವಾದಗೀತೆ. ಪರಿಚಾರಿಕೆಯಾಗಿದ್ದವಳನ್ನು ತಾನೇ ಮೇಲಕ್ಕೆತ್ತಿದೆನೆಂದು ಗಂಡು ಹೇಳುತ್ತಾನೆ. ಆಗಲೂ ತನಗೆ ಸ್ವಂತ ಬುದ್ಧಿಯಿತ್ತೆಂದು ಹೆಣ್ಣು ಉತ್ತರಿಸುತ್ತಾಳೆ. ಒಂದೇ ಭೂತಕಾಲಕ್ಕೆ ಇಬ್ಬರು ಸಾಕ್ಷಿಗಳು. ತೀರ್ಪು ಕೇಳುಗನಿಗೆ ಬಿಟ್ಟದ್ದು. ಪಲ್ಲವಿಯನ್ನು ಮಾತ್ರ ಹಿಡಿದವರಿಗೆ ಇದು ಪ್ರೇಮದ ಮೊರೆಯಾಗಿ ಕೇಳಿಸಿತು. ಚರಣಗಳನ್ನು ಕೇಳಿದವರಿಗೆ ಅದರಲ್ಲಿರುವ ಬೆದರಿಕೆ ತಿಳಿಯುತ್ತದೆ.

ಬರ್ಮಿಂಗ್‌ಹ್ಯಾಮಿನ ಯು.ಬಿ.೪೦ ತಂಡದ ಹೆಸರೇ ನಿರುದ್ಯೋಗಭತ್ಯದ ನಮೂನೆಯ ಸಂಖ್ಯೆ. ೧೯೮೦ರಲ್ಲಿ ಬಂದ ಅವರ ಮೊದಲ ಗೀತಸಂಪುಟದ ರಕ್ಷಾಪತ್ರವೂ ಆ ನಮೂನೆಯ ಚಿತ್ರವೇ. ೧೯೮೧ರ ‘ವನ್ ಇನ್ ಟೆನ್’ ಗೀತೆಯಲ್ಲಿ ಹತ್ತರಲ್ಲಿ ಒಬ್ಬನಾದವನು ತಾನೇ ಎದ್ದುನಿಂತು ಮಾತನಾಡುತ್ತಾನೆ. ಸರ್ಕಾರದ ಕಡತದಲ್ಲಿ ಅಂಕಿಯಾಗಿದ್ದವನಿಗೆ ಕಂಠ ಬಂದಿತೆಂಬುದೇ ಆ ಗೀತೆಯ ಶಕ್ತಿ. ಕೆರಿಬಿಯನ್ ದ್ವೀಪಗಳಿಂದ ಬಂದ ರೆಗೇ ಲಯ ಆ ದುಃಖವನ್ನು ತೂಗಾಡಿಸುತ್ತ ಹೇಳುತ್ತದೆ. ಅಳುವ ರಾಗದಲ್ಲಿ ಹೇಳಿದ್ದರೆ ಕರುಣೆಯಾಗಿ ಮುಗಿಯುತ್ತಿದ್ದುದು ಇಲ್ಲಿ ಪ್ರಶ್ನೆಯಾಗಿ ನಿಲ್ಲುತ್ತದೆ. ಭಾರತದ ಬಹುಮಂದಿ ಈ ತಂಡವನ್ನು ಅರಿತದ್ದು ೧೯೮೩ರ ‘ರೆಡ್ ರೆಡ್ ವೈನ್’ ಗೀತೆಯಿಂದ. ಅದರ ಮಾತು ಅಮೆರಿಕದ ನೀಲ್ ಡೈಮಂಡ್ ಬರೆದದ್ದು; ಅದರಲ್ಲಿ ಬರ್ಮಿಂಗ್‌ಹ್ಯಾಮಿನ ಸುಳಿವಿಲ್ಲ. ತಂಡದ ಹೆಸರಿನ ಅರ್ಥ ಒಮ್ಮೆ ತಿಳಿದರೆ ಹಳೆಯ ಸುರುಳಿಯ ಮೇಲಿನ ಅಕ್ಷರವೇ ಬೇರೆಯಾಗಿ ಕಾಣುತ್ತದೆ.

ಮೋಟಾರು ಕಾರ್ಖಾನೆಗಳ ಊರಾದ ಕವೆಂಟ್ರಿಯ ಸ್ಪೆಷಲ್ಸ್ ತಂಡದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಇದ್ದರು. ಅವರ ‘ಘೋಸ್ಟ್ ಟೌನ್’ ೧೯೮೧ರ ಜುಲೈನಲ್ಲಿ, ಇಂಗ್ಲೆಂಡಿನ ಅನೇಕ ನಗರಗಳಲ್ಲಿ ದೊಂಬಿಗಳಾಗುತ್ತಿದ್ದಾಗಲೇ, ಮೊದಲ ಸ್ಥಾನದಲ್ಲಿತ್ತು. ಮುಚ್ಚಿದ ನೃತ್ಯಶಾಲೆಗಳ, ಕೆಲಸವಿಲ್ಲದ ತರುಣರ ಊರು ಅದರ ವಸ್ತು. ಗೋಳಿಡುವ ತುತ್ತೂರಿಗಳ ನಡುವೆ, ಹಿಂದಿನ ಒಳ್ಳೆಯ ದಿನಗಳನ್ನು ನೆನೆಯುವಾಗ ಮಾತ್ರ ಧಾತು ಕ್ಷಣಕಾಲ ಬೆಳಗುತ್ತದೆ. ಮರುಕ್ಷಣ ಹಳೆಯ ಕತ್ತಲಿಗೇ ಮರಳುತ್ತದೆ. ಮಾತು ಧಾತುಗಳು ಇಷ್ಟು ಬಿಗಿಯಾಗಿ ಕೂಡಿದ ಜನಪ್ರಿಯ ಗೀತೆಗಳು ಯಾವ ಭಾಷೆಯಲ್ಲಿಯೂ ಹೆಚ್ಚಿಲ್ಲ.

ಡೈರ್ ಸ್ಟ್ರೇಟ್ಸ್ ತಂಡದ ‘ಬ್ರದರ್ಸ್ ಇನ್ ಆರ್ಮ್ಸ್’ (೧೯೮೫) ಭಾರತದಲ್ಲಿ ಪಡೆದ ಆದರ ಅಸಾಧಾರಣವಾದುದು. ಅದರಲ್ಲಿನ ‘ಮನಿ ಫಾರ್ ನಥಿಂಗ್’ ಎಂಬುದನ್ನು ಕೇಳುಗರು ಗಿಟಾರಿನ ಮೊದಲ ಹೊಡೆತಕ್ಕಾಗಿ ಪ್ರೀತಿಸಿದರು. ಅಲ್ಲಿ ಮಾತನಾಡುವವನು ಕವಿಯಲ್ಲ; ಅಂಗಡಿಯಲ್ಲಿ ಶೀತಪೆಟ್ಟಿಗೆ, ಒಲೆಗಳನ್ನು ಹೊತ್ತು ಸಾಗಿಸುವ ಕೂಲಿಯವನು. ದೂರದರ್ಶನದ ತೆರೆಯ ಮೇಲೆ ಕುಣಿಯುವ ಗಾಯಕರನ್ನು ನೋಡಿ, ದುಡಿಯದೆ ಹಣ ಪಡೆಯುವವರೆಂದು ಆತ ಅಸೂಯೆಯಿಂದಲೂ ಒರಟು ಮಾತಿನಿಂದಲೂ ಹಂಗಿಸುತ್ತಾನೆ. ಆ ಗಾಯಕರಲ್ಲಿ ಈ ಹಾಡನ್ನು ಹಾಡುತ್ತಿರುವವನೂ ಒಬ್ಬ! ಮಾರ್ಕ್ ನಾಫ್ಲರ್ ಸ್ವತಃ ತನ್ನನ್ನೇ ಕೂಲಿಯವನ ನಾಲಗೆಗೆ ಒಪ್ಪಿಸಿದ ಈ ವ್ಯಂಗ್ಯ, ಮಾತು ಕೇಳಿಸದವರಿಗೆ ಸಂಪೂರ್ಣವಾಗಿ ತಪ್ಪಿಹೋಯಿತು. ಈ ಗೀತೆಯನ್ನು ಹಗಲಿರುಳು ಬಿತ್ತರಿಸಿದ ಎಂ.ಟಿ.ವಿ.ಗೂ ಅದು ತಪ್ಪಿದಂತೆಯೇ ತೋರುತ್ತದೆ.

೪

ತೊಂಬತ್ತರ ದಶಕದ ಗೀತೆಗಳಲ್ಲಿ ಇದೇ ದಾರಿಯ ಶಿಖರವೆಂದು ಎಣಿಸಬೇಕಾದುದು ಪಲ್ಪ್ ತಂಡದ ‘ಕಾಮನ್ ಪೀಪಲ್’ (೧೯೯೫). ಜಾರ್ವಿಸ್ ಕಾಕರ್ ೧೯೭೮ರಲ್ಲಿ, ಶಾಲಾಬಾಲಕನಾಗಿದ್ದಾಗಲೇ, ಷೆಫೀಲ್ಡಿನಲ್ಲಿ ಕಟ್ಟಿದ ತಂಡಕ್ಕೆ ಮನ್ನಣೆ ದೊರೆಯಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಗೀತೆಯ ಕಥೆ ಸರಳ. ಕಲಾಶಾಲೆಯಲ್ಲಿ ಓದಲು ಬಂದ ಸಿರಿವಂತರ ಮಗಳೊಬ್ಬಳು ಸಾಮಾನ್ಯ ಜನರಂತೆ ಬದುಕಬೇಕೆಂದು ಬಯಸುತ್ತಾಳೆ. ಬಡತನ ಅವಳಿಗೊಂದು ವಿಹಾರ. ಬೇಡವೆನಿಸಿದಾಗ ತಂದೆಗೆ ಒಂದು ಕರೆ ಸಾಕು. ಆ ಕರೆಯನ್ನು ಮಾಡಲಾಗದವನು ಮೊದಲು ನಗುತ್ತ, ಬರಬರುತ್ತ ಕೋಪದಿಂದ ಉತ್ತರ ಕೊಡುತ್ತಾನೆ. ಧಾತುವಿನಲ್ಲಿ ಹೆಚ್ಚು ವೈವಿಧ್ಯವಿಲ್ಲ. ಆದರೆ ಭಜನೆಯ ಕೊನೆಯ ದ್ರುತಕಾಲದಂತೆ ಲಯ ಮೆಲ್ಲಮೆಲ್ಲನೆ ಬಿರುಸಾಗುತ್ತದೆ. ಆರಂಭದಲ್ಲಿ ಪಿಸುಮಾತಾಗಿದ್ದುದು ಕೊನೆಗೆ ಕೂಗಾಗುತ್ತದೆ. ಸಾಮಾನ್ಯರ ಬದುಕನ್ನು ದೂರದಿಂದ ಮೆಚ್ಚುವ ವಿದ್ಯಾವಂತರೆಲ್ಲರಿಗೂ ಆ ಕೂಗು ತಾಗುತ್ತದೆ. ಊರಿನ ಬಡತನವನ್ನು ಬಿಟ್ಟುಬಂದು ಅದರ ಹಾಡನ್ನು ಮಾತ್ರ ಪ್ರೀತಿಸುವ ವಲಸಿಗರೂ ಅದರಿಂದ ತಪ್ಪಿಸಿಕೊಳ್ಳಲಾರರು.

ಮಾತು ಧಾತುಗಳ ಬೇರ್ಪಾಡು ಕಡಲು ದಾಟಿದಾಗ ಮಾತ್ರ ಆಗುವುದೆಂದೂ ಹೇಳುವಂತಿಲ್ಲ. ವೇಲ್ಸಿನ ಕಲ್ಲಿದ್ದಲಿನ ಕಣಿವೆಯಿಂದ ಬಂದ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ತಂಡದ ‘ಎ ಡಿಸೈನ್ ಫಾರ್ ಲೈಫ್’ (೧೯೯೬) ಗ್ರಂಥಾಲಯವನ್ನು ನೆನೆಯುತ್ತ ಆರಂಭವಾಗುತ್ತದೆ. ಅಲ್ಲಿನ ಗಣಿಗಾರರು ತಮ್ಮ ಕೂಲಿಯ ಹಣವನ್ನು ಕೂಡಿಹಾಕಿ ವಾಚನಾಲಯಗಳನ್ನು ಕಟ್ಟಿಕೊಂಡಿದ್ದರು. ಓದುವ ಹಂಬಲವಿದ್ದ ಆ ವರ್ಗವನ್ನು ಮೇಲಿನವರು ಕುಡುಕರ ಗುಂಪೆಂದು ಬಗೆದರೆಂಬ ವ್ಯಂಗ್ಯ ಅದರ ಪಲ್ಲವಿಯಲ್ಲಿದೆ. ಆ ಪಲ್ಲವಿಯನ್ನೇ ಕುಡಿತದ ಗೋಷ್ಠಿಗಳಲ್ಲಿ ಸಂಭ್ರಮದಿಂದ ಹಾಡಲಾಯಿತು! ವಾದ್ಯವೃಂದದ ಭವ್ಯತೆ ಮಾತನ್ನು ನುಂಗಿತು. ವಿಶಾಖಪಟ್ಟಣದ ಕೇಳುಗನಿಗಾದ ತಪ್ಪು ತಿಳಿವಳಿಕೆಯೇ ಮಾತೃಭಾಷೆಯ ಕೇಳುಗನಿಗೂ ಆಯಿತೆಂಬುದು ಗಮನಾರ್ಹ.

ಈ ದಶಕದ ಇನ್ನುಳಿದ ಭಾಗವನ್ನು ಅಷ್ಟೇ ಆದರದಿಂದ ಕಾಣುವುದು ಕಷ್ಟ. ೧೯೯೫ರ ಆಗಸ್ಟ್ ೧೪ರಂದು ಬ್ಲರ್ ಮತ್ತು ಒಯಾಸಿಸ್ ತಂಡಗಳು ಒಂದೇ ದಿನ ಗೀತೆಗಳನ್ನು ಬಿಡುಗಡೆ ಮಾಡಿದವು. ಪತ್ರಿಕೆಗಳು ಅದನ್ನು ಮಲ್ಲಯುದ್ಧದಂತೆ ಬಣ್ಣಿಸಿದವು. ಬ್ಲರ್ ತಂಡದ ೨,೭೪,೦೦೦ ಪ್ರತಿಗಳೂ ಒಯಾಸಿಸ್ ತಂಡದ ೨,೧೬,೦೦೦ ಪ್ರತಿಗಳೂ ಮೊದಲ ವಾರದಲ್ಲಿ ಮಾರಾಟವಾದುವೆಂಬುದು ಇಂದಿಗೂ ನೆನಪಿನಲ್ಲಿದೆ. ಸೆಣಸಿದ ಎರಡು ಹಾಡುಗಳಾದರೋ ಆಯಾ ತಂಡಗಳ ಉತ್ತಮ ಕೃತಿಗಳ ಸಾಲಿಗೆ ಸೇರುವುದಿಲ್ಲ. ಒಯಾಸಿಸ್ ತಂಡದ ಗ್ಯಾಲಗರ್ ಸಹೋದರರು ಮ್ಯಾಂಚೆಸ್ಟರಿನಲ್ಲಿ ಬೆಳೆದ ಐರಿಷ್ ವಲಸಿಗರ ಮಕ್ಕಳು. ಅವರ ಗೀತೆಗಳಲ್ಲಿ ಮಾತು ಎಷ್ಟೋ ಕಡೆ ಅರ್ಥಕ್ಕೆ ನಿಲುಕುವುದಿಲ್ಲ; ಆದರೆ ದೀರ್ಘಸ್ವರಗಳ ಮೇಲೆ ಎಳೆದು ಹಾಡುವ ಆ ರೀತಿಯಿಂದ ಲಕ್ಷಜನರು ಕೂಡಿ ಹಾಡಬಹುದಾದ ಅವಕಾಶವುಂಟಾಗುತ್ತದೆ. ೧೯೯೬ರ ಆಗಸ್ಟಿನಲ್ಲಿ ನೆಬ್‌ವರ್ತಿನಲ್ಲಿ ಎರಡು ರಾತ್ರಿ ಸೇರಿದವರು ಎರಡೂವರೆ ಲಕ್ಷ. ಅದು ಸಾಮೂಹಿಕ ಗಾನದ ದೊಡ್ಡ ಸಿದ್ಧಿಯೆನ್ನಬೇಕು, ಕಾವ್ಯದ್ದಲ್ಲ.

೧೯೯೭ರ ಜುಲೈನಲ್ಲಿ ಹೊಸ ಪ್ರಧಾನಿ ಟೋನಿ ಬ್ಲೇರ್ ಏರ್ಪಡಿಸಿದ ಸತ್ಕಾರಕೂಟಕ್ಕೆ ನೋಯಲ್ ಗ್ಯಾಲಗರ್ ಹೋದುದು ಆ ಯುಗದ ಸಂಕೇತಚಿತ್ರವಾಯಿತು. ನಿರುದ್ಯೋಗದ ನಮೂನೆಯನ್ನು ಹೆಸರಾಗಿ ಇಟ್ಟುಕೊಂಡ ಸಂಗೀತ ಹದಿನೇಳು ವರ್ಷಗಳಲ್ಲಿ ರಾಜ್ಯದ ಅಲಂಕಾರವಾಯಿತು. ಗಿಟಾರಿನ ಮೇಲೆ ರಾಷ್ಟ್ರಧ್ವಜ ಬಂದಾಗ ಊರುಗಳ ಹೆಸರು ಹಿಂದಕ್ಕೆ ಸರಿಯಿತು. ಇದಕ್ಕೆ ಎದುರಾಗಿ ನಿಲ್ಲುವುದು ಲೆಸ್ಟರಿನ ಕಾರ್ನರ್‌ಷಾಪ್ ತಂಡದ ‘ಬ್ರಿಮ್‌ಫುಲ್ ಆಫ್ ಆಶಾ’ (೧೯೯೭). ಪಂಜಾಬಿ ವಲಸಿಗರ ಮಗನಾದ ಜಿಂದರ್ ಸಿಂಗ್ ಅದರಲ್ಲಿ ಆಶಾ ಭೋಸ್ಲೆಯವರಿಗೂ ಹಿನ್ನೆಲೆ ಗಾಯನದ ಪರಂಪರೆಗೂ, ಮನೆಯಲ್ಲಿ ತಿರುಗುತ್ತಿದ್ದ ಸಣ್ಣ ಧ್ವನಿಮುದ್ರಿಕೆಗಳಿಗೂ ಕೃತಜ್ಞತೆ ಸಲ್ಲಿಸಿದನು. ನಾರ್ಮನ್ ಕುಕ್ ಅದರ ವೇಗವನ್ನು ಹೆಚ್ಚಿಸಿ ಮರುರೂಪಿಸಿದ ಮೇಲೆ ೧೯೯೮ರ ಫೆಬ್ರುವರಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ವಲಸಿಗನ ಮನೆಯ ಹಾಡುಪೆಟ್ಟಿಗೆ ಇಂಗ್ಲೆಂಡಿನ ಬೀದಿಯ ಹಾಡಾದುದು ಹೀಗೆ. ಧ್ವಜದ ನೆರವು ಅದಕ್ಕೆ ಬೇಕಾಗಲಿಲ್ಲ.

೫

ಈಗ ವಿಶಾಖಪಟ್ಟಣಕ್ಕೆ ಮರಳಬಹುದು. ಷೆಫೀಲ್ಡಿನ ಕುಲುಮೆಗಳು ಆರುತ್ತಿದ್ದಾಗ ಇಲ್ಲಿ ಕುಲುಮೆ ಹೊತ್ತಿಸುವ ಸಿದ್ಧತೆ ನಡೆದಿತ್ತು. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂಬ ೧೯೬೬ರ ಚಳವಳಿಯ ಘೋಷವನ್ನು ಕನ್ನಡಿಗರಿಗೆ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. ಉಕ್ಕು, ಹಕ್ಕು ಎರಡು ಭಾಷೆಗಳಿಗೂ ಸಮಾನ. ಆ ಚಳವಳಿಯಲ್ಲಿ ಗೋಲಿಬಾರಿಗೆ ಜನ ಬಲಿಯಾದರು. ೧೯೭೦ರ ಏಪ್ರಿಲಿನಲ್ಲಿ ಇಂದಿರಾ ಗಾಂಧಿಯವರು ಸಂಸತ್ತಿನಲ್ಲಿ ವಿಶಾಖಪಟ್ಟಣ, ಸೇಲಂ, ಹೊಸಪೇಟೆ ಈ ಮೂರೆಡೆ ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು. ೧೯೮೨ರಲ್ಲಿ ರಾಷ್ಟ್ರೀಯ ಇಸ್ಪಾತ್ ನಿಗಮ ಸ್ಥಾಪನೆಯಾಯಿತು; ೧೯೯೦ರಲ್ಲಿ ‘ಗೋದಾವರಿ’ ಎಂದು ಹೆಸರಿಟ್ಟ ಮೊದಲ ಊದುಕುಲುಮೆ ಹೊತ್ತಿತು; ೧೯೯೨ರ ಆಗಸ್ಟ್ ೧ರಂದು ಪಿ.ವಿ. ನರಸಿಂಹರಾಯರು ಕಾರ್ಖಾನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಉಕ್ಕುನಗರದ ವಸತಿಗಳಲ್ಲಿ ಬೆಳೆದ ಮಕ್ಕಳು ಉಕ್ಕು ಕಳೆದುಕೊಂಡವರ ಹಾಡನ್ನು ನಲಿವಿನ ಹಾಡೆಂದು ಕೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಂದು ಅವರ ಊರಿಗೆ ಆ ಮಾತಿನ ಅಗತ್ಯವಿರಲಿಲ್ಲ.

ಅಗತ್ಯ ೨೦೨೧ರಲ್ಲಿ ಒದಗಿತು. ಆ ವರ್ಷದ ಜನವರಿ ೨೭ರಂದು ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರ ಸಮಿತಿಯು ಈ ನಿಗಮದಲ್ಲಿರುವ ಸರ್ಕಾರದ ಪಾಲನ್ನೆಲ್ಲ ಮಾರುವುದಕ್ಕೆ ತಾತ್ತ್ವಿಕ ಒಪ್ಪಿಗೆ ನೀಡಿತು. ಹಳೆಯ ಘೋಷ ಮತ್ತೆ ಬೀದಿಗೆ ಬಂದಿತು. ೨೦೨೫ರ ಜನವರಿಯಲ್ಲಿ ೧೧,೪೪೦ ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆ ಮಂಜೂರಾಯಿತು. ಇದರ ನಡುವೆ, ೨೦೨೪ರ ಸೆಪ್ಟೆಂಬರ್ ೩೦ರಂದು, ವೇಲ್ಸಿನ ಪೋರ್ಟ್ ಟಾಲ್ಬಟಿನ ಕೊನೆಯ ಊದುಕುಲುಮೆ ಆರಿತು. ಆಗ ಅದರ ಒಡೆತನ ಭಾರತದ ಟಾಟಾ ಸಂಸ್ಥೆಯದಾಗಿತ್ತು. ಉಕ್ಕಿನ ಊರುಗಳ ಸುಖದುಃಖಗಳು ಎರಡು ದೇಶಗಳಲ್ಲಿ ಹೀಗೆ ಹೆಣೆದುಕೊಂಡಿರುವಾಗ, ಹಳೆಯ ಸುರುಳಿಯ ಮಾತು ಈಗ ಕೇಳಿಸಿದರೆ ಅದು ಪರಕೀಯವಾಗಿ ಉಳಿಯುವುದಿಲ್ಲ.

ತೆಲುಗಿಗೆ ಈ ಮಾತು ಅಪರಿಚಿತವಾಗಿಯೂ ಇರಲಿಲ್ಲ. ‘ಮಹಾಪ್ರಸ್ಥಾನ’ದ ಕವಿ ಶ್ರೀಶ್ರೀ ವಿಶಾಖಪಟ್ಟಣದವರು, ದುಡಿಯುವವರ ಬೆವರು ಕಾವ್ಯಕ್ಕೆ ವಸ್ತುವೆಂದು ೧೯೩೦ರ ದಶಕದಲ್ಲಿಯೇ ಸಾರಿದವರು. ಉತ್ತರಾಂಧ್ರದ ವಂಗಪಂಡು ಪ್ರಸಾದರಾಯರು ಯಂತ್ರ ಹೇಗೆ ನಡೆಯುತ್ತಿದೆಯೆಂದು ವಿಚಾರಿಸುವ ಪ್ರಸಿದ್ಧ ಗೀತೆಯನ್ನು ಜಾನಪದ ಧಾಟಿಯಲ್ಲಿ ಕಟ್ಟಿ ಹಾಡಿದರು. ಬರ್ಮಿಂಗ್‌ಹ್ಯಾಮಿನ ತಂಡ ಅಂಕಿಗೆ 	ಕಂಠ ಕೊಟ್ಟಂತೆ ಅವರು ಯಂತ್ರದ ಹಿಂದಿನ ಕೈಗಳಿಗೆ ಕಂಠ ಕೊಟ್ಟರು. ವಂಗಪಂಡು ಅವರನ್ನು ಸಭೆಯಲ್ಲಿಯೂ ಆಂಗ್ಲ ತಂಡವನ್ನು ಸುರುಳಿಯಲ್ಲಿಯೂ ಕೇಳಿದ ಅದೇ ನಗರ, ಎರಡೂ ಒಂದೇ ಜಾತಿಯ ಹಾಡುಗಳೆಂದು ಗುರುತಿಸಲಿಲ್ಲ.

ಕನ್ನಡದ ಲೆಕ್ಕವನ್ನು ಕೇಳಿಕೊಳ್ಳದೆ ಈ ವಿಚಾರ ಪೂರ್ಣವಾಗದು. ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ, ವಿಶ್ವೇಶ್ವರಯ್ಯನವರ ಹೆಸರಿನ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ೨೦೨೩ರ ಜನವರಿಯಲ್ಲಿ ಪ್ರಕಟವಾಯಿತು. ಆಂಗ್ಲ ಸಂಸ್ಥೆಯೊಂದು ೧೮೮೦ರ ದಶಕದಲ್ಲಿ ಅಗೆಯಲಾರಂಭಿಸಿದ ಕೋಲಾರದ ಚಿನ್ನದ ಗಣಿ ೨೦೦೧ರ ಫೆಬ್ರುವರಿ ೨೮ರಂದು ಮುಚ್ಚಿತು. ಹೊಸಪೇಟೆಗೆಂದು ಘೋಷಿಸಿ ತೋರಣಗಲ್ಲಿನಲ್ಲಿ ಶಂಕುಸ್ಥಾಪನೆ ಮಾಡಿದ ಸರ್ಕಾರಿ ಉಕ್ಕಿನ ಕಾರ್ಖಾನೆ ಬರಲೇ ಇಲ್ಲ. ಎರಡು ದಶಕಗಳ ಮೇಲೆ ಅಲ್ಲಿ ಖಾಸಗಿ ಉದ್ಯಮ ನೆಲೆಯೂರಿತು. ಇವುಗಳ ಹಾಡು ಎಲ್ಲಿದೆ? ಮನೆಮನೆಯ ಧ್ವನಿಸುರುಳಿಯಾದ ಭಾವಗೀತೆಗಳಲ್ಲಿ ಮಲ್ಲಿಗೆಯಿದೆ, ಹೊಳೆಯಿದೆ, ತವರಿದೆ, ಬೆಟ್ಟದ ಮಂಜಿದೆ. ಪಾಳಿ ಮುಗಿಸಿ ಬರುವವನ ಸದ್ದು ವಿರಳ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (೧೯೭೫), ಬಂಡಾಯದ ಮೆರವಣಿಗೆಗಳ ಗೀತೆಗಳು, ಸಮುದಾಯದ ಬೀದಿನಾಟಕಗಳ ಹಾಡುಗಳು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು, ನಿಜ. ಆದರೆ ಅವು ಮೆರವಣಿಗೆಯಲ್ಲಿ ಉಳಿದವು. ಹೊರನಾಡಿನ ಕನ್ನಡಿಗರ ಮನೆಯ ಹಾಡುಪೆಟ್ಟಿಗೆಯನ್ನು ಹೊಕ್ಕದ್ದು ಕಡಮೆ. ವಲಸಿಗನು ತನ್ನೊಡನೆ ಕೊಂಡೊಯ್ಯಲು ಆರಿಸಿಕೊಂಡ ನಾಡು ಕಾರ್ಖಾನೆಯಿಲ್ಲದ ನಾಡು. ಅವನ ಸ್ವಂತ ವಲಸೆಗೆ ಕಾರಣವಾದ ಉದ್ಯೋಗವೇ ಅವನ ಹಾಡಿನಲ್ಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಷೆಫೀಲ್ಡಿಗೂ ವಿಶಾಖಪಟ್ಟಣಕ್ಕೂ ಹಾಕಿದ ಈ ಗಂಟು ವಿಮರ್ಶಕನ ಕಲ್ಪನೆ, ಅಂದಿನ ಕೇಳುಗನಿಗೆ ಅದು ತಿಳಿದೇ ಇರಲಿಲ್ಲ ಎಂಬುದು ಒಂದು. ತಿಳಿದಿರಲಿಲ್ಲವೆಂಬುದು ಸತ್ಯ, ಪ್ರಭಾವವನ್ನು ಸಾಧಿಸುವುದು ಇಲ್ಲಿನ ಉದ್ದೇಶವೂ ಅಲ್ಲ. ಮೊದಲ ಸಲ ಕೇಳಿಸದೆಹೋದುದನ್ನು ಎರಡನೆಯ ಸಲ ಕೇಳಿಸುವುದು ವಿಮರ್ಶೆಯ ಕೆಲಸಗಳಲ್ಲಿ ಒಂದು. ಈ ಹಾಡುಗಳು ಒಂದು ಕುಲುಮೆಯನ್ನಾದರೂ ಉಳಿಸಿದವೆ ಎಂಬುದು ಎರಡನೆಯದು, ಹೆಚ್ಚು ಗಂಭೀರವಾದುದು. ಉಳಿಸಲಿಲ್ಲ. ಮುಷ್ಕರ ಸೋತಿತು, ಗಣಿಗಳು ಮುಚ್ಚಿದವು, ಹಾಡಿದವರಲ್ಲಿ ಕೆಲವರು ಸಿರಿವಂತರಾದರು. ಆದರೆ ಮುಚ್ಚಿದ ಊರಿನಲ್ಲಿ ಏನಿತ್ತು, ಯಾರಿದ್ದರು, ಅವರ ಮಾತಿನ ವರಸೆ ಹೇಗಿತ್ತು ಎಂಬುದು ನಲವತ್ತು ವರ್ಷಗಳ ಮೇಲೂ ಆ ಗೀತೆಗಳಲ್ಲಿ ಅಳಿಯದೆ ಇದೆ. ಅದು ಸಣ್ಣ ಲಾಭವಲ್ಲ; ಭದ್ರಾವತಿಗೂ ಕೋಲಾರಕ್ಕೂ ಅಷ್ಟೂ ದೊರೆತಿಲ್ಲ.

ಊರಿನ ಮಾತಿಗೆ ಅಂಟಿಕೊಂಡ ಹಾಡು ಕಡಲು ದಾಟಲಾರದೆಂಬ ಅಂಜಿಕೆಗೆ ಆಧಾರವಿಲ್ಲ. ಈಗ ಹಾವೇರಿ ಜಿಲ್ಲೆಗೆ ಸೇರಿದ ಶಿಶುನಾಳದ ಷರೀಫ ಸಾಹೇಬರು (೧೮೧೯–೧೮೮೯) ತಮ್ಮ ಊರಿನ ಗುಡಿ, ಗಿರಣಿ, ಸೋರುವ ಮನೆಗಳನ್ನೇ ಹಾಡಿದರು. ಸಿ. ಅಶ್ವತ್ಥರ ಕಂಠದಿಂದ ಅವು ಕನ್ನಡನಾಡೆಲ್ಲ ಹಬ್ಬಿದವು. ರಘು ದೀಕ್ಷಿತರ ತಂಡ ಷರೀಫರ ಪದಗಳನ್ನು ಗಿಟಾರಿನೊಡನೆ ಹಾಡುತ್ತ ೨೦೧೧ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನು ಏರಿತು. ೧೯೯೫ರಲ್ಲಿ ಪಲ್ಪ್ ತಂಡ ತನ್ನ ಸಾಮಾನ್ಯ ಜನರನ್ನು ಹಾಡಿದ್ದು ಅದೇ ಉತ್ಸವದಲ್ಲಿ. ಅಲ್ಲಿ ನೆರೆದ ಆಂಗ್ಲರಿಗೆ ಕನ್ನಡದ ಧಾತು ತಲಪಿತು, ಮಾತು ತಲಪಲಿಲ್ಲ. ವಿಶಾಖಪಟ್ಟಣದ ಕೇಳುಗನು ಮೂವತ್ತು ವರ್ಷ ತಡವಾಗಿಯಾದರೂ ಅವರ ಮಾತಿಗೆ ಕಿವಿಗೊಡುತ್ತಿದ್ದಾನೆ. ಷರೀಫರ ಪದಗಳಲ್ಲಿ ಗಿರಣಿಗೂ ಸೋರುವ ಮಾಳಿಗೆಗೂ ಸ್ಥಳವಿದ್ದುದನ್ನು ನೆನೆದರೆ, ಕುಲುಮೆಗೂ ಗಣಿಗೂ ಕನ್ನಡ ಗೀತೆಯಲ್ಲಿ ಸ್ಥಳವಿರಲಾರದೆಂದು ಹೇಳಲು ಕಾರಣ ಕಾಣದು.